ಡ್ರೈವಿಂಗ್ ಮೇಡಂ ಅವರ ಎಡಗಾಲು

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನ ಫ್ಯಾನ್ಸಿ ಅಂಗಡಿಯಲ್ಲಿ, ತಂತಿಗೆ ಪೋಣಿಸಿದ ಬಿಳಿ ಮಣಿಗಳ ಸರವೊಂದನ್ನು ಕೈಗೆತ್ತಿಕೊಂಡವಳು ತಟ್ಟನೆ ಕೆಳಗಿಟ್ಟುಬಿಟ್ಟೆ. ಅಂಥದೇ ಸರವನ್ನು ಹಿಂದೊಮ್ಮೆ ಎಕ್ಸ್‌ರೇಯಲ್ಲಿ ನೋಡಿದ್ದೆ... ನಮ್ಮ ಎದುರುಮನೆಯ ಡ್ರೈವಿಂಗ್ ಮೇಡಂ ಅವರ ಮೊಣಕಾಲಿನ ಕೆಳಗೆ, ಮೂಳೆಯ ಒಳಗೆ.

ಅವರು ಬನಶಂಕರಿಯಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಿದ್ದರು. ಒಂದು ಕಡೆ ಕೂತವರಲ್ಲ. ಫೋನಿನಲ್ಲಿ ಮಾತಾಡುವಾಗಲೂ ಗೇಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಗೇಟಿಗೆ ನಡೆಯುತ್ತಲೇ ಇರುತ್ತಿದ್ದರು. ನಲವತ್ತರ ಹತ್ತಿರ ಬಂದಿದ್ದ ನನಗೆ ಸ್ಟೀರಿಂಗ್ ಹಿಡಿದರೆ ಅಂಗೈ ಬೆವರುತ್ತಿತ್ತು. "ರೋಡು ನಿಮ್ಮಪ್ಪಂದೂ ಅಲ್ಲ, ಅವರಪ್ಪಂದೂ ಅಲ್ಲ, ನುಗ್ಗಿ" ಎನ್ನುತ್ತಿದ್ದರು.

ನಾನಿನ್ನೂ ಎರಡನೇ ಗೇರಿನಲ್ಲಿ ಒದ್ದಾಡುತ್ತಿದ್ದಾಗ ಅವರ ಸ್ಕೂಟರಿಗೆ ಟೆಂಪೋ ಗುದ್ದಿತು. ಎಡಗಾಲಿನ ಮೂಳೆ ಮುರಿದು ಹೊರಗೇ ಬಂದಿತ್ತು. ಪ್ಲೇಟು ಹಾಕಿದರು. ಮೂಳೆ ಕೂಡಿಕೊಂಡಿತು, ಗಾಯ ಮಾತ್ರ ಮಾಯಲಿಲ್ಲ. ಸಣ್ಣ ತೂತೊಂದರಿಂದ ಕೀವು ಒಸರುತ್ತಲೇ ಇತ್ತು. ಮಾತ್ರೆ, ಇಂಜೆಕ್ಷನ್, ಡ್ರಿಪ್... ನಿಂತಂತೆ ಮಾಡಿ ಮತ್ತೆ ಶುರು. ಕೋಣೆಯಲ್ಲಿ ಸದಾ ಊದುಬತ್ತಿ ಉರಿಯುತ್ತಿತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ.

ಮಲಗಿದಲ್ಲೂ ಅವರಿಗೆ ನೆಮ್ಮದಿಯಿರಲಿಲ್ಲ. ಹೊರಗೆ ಯಾವುದಾದರೂ ಗಾಡಿ ಗೇರು ಬದಲಿಸಿದರೆ ಸಾಕು, ಹೊದಿಕೆಯೊಳಗೆ ಎಡಪಾದ ಕ್ಲಚ್ ತುಳಿಯುವಂತೆ ತಾನಾಗಿ ಒತ್ತಿ, ನೋವಿಗೆ ಮುಖ ಕಿವುಚುತ್ತಿತ್ತು. ನೋಡಲಾರದೆ ನಾನು ಕಿಟಕಿ ಮುಚ್ಚಿದರೆ, "ತೆಗೀರಿ, ಉಸಿರು ಕಟ್ಟತ್ತೆ" ಎಂದು ರೇಗುತ್ತಿದ್ದರು.

ಕಾಲು ತೆಗೆಸಿಬಿಡುವುದೇ ಮೇಲೆಂದು ಅವರ ಅಣ್ಣ ಹೇಳತೊಡಗಿದ್ದರು. ಕೊನೆಯದಾಗಿ ಇನ್ನೊಬ್ಬ ಡಾಕ್ಟರಿಗೆ ತೋರಿಸೋಣವೆಂದು ನಾನೂ ಅವರ ಅಣ್ಣನೂ ಆಟೋದಲ್ಲಿ ಕರೆದೊಯ್ದೆವು. ಆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಸತ್ತ ಮೂಳೆಗೆ ರಕ್ತ ಹೋಗಲ್ಲಮ್ಮ. ರಕ್ತ ಹೋಗದ ಕಡೆ ನೀವು ನುಂಗಿದ ಔಷಧಿನೂ ಹೋಗಲ್ಲ. ಪ್ಲೇಟ್ ತೆಗೆದು, ಕೊಳೆತದ್ದನ್ನ ಕೆರೆದು, ಆ ಗುಂಡಿಯೊಳಗೇ ಔಷಧಿ ಇಡೋಣ" ಎಂದರು. ಮೂಳೆಗೆ ಬಳಸುವ ಸಿಮೆಂಟಿನಲ್ಲಿ ಆಂಟಿಬಯಾಟಿಕ್ ಪುಡಿ ಕಲಸಿ ಮಣಿ ಮಾಡಿ, ತಂತಿಗೆ ಪೋಣಿಸಿ ಇಡುತ್ತಾರಂತೆ. ಔಷಧಿ ಅಲ್ಲೇ ನಿಧಾನವಾಗಿ ಇಳಿಯುತ್ತದಂತೆ. ಕೆಲವು ವಾರಗಳ ಮೇಲೆ ಮಣಿಗಳನ್ನು ತೆಗೆಯುತ್ತಾರಂತೆ.

"ಕ್ಲಚ್ ಒತ್ತಕ್ಕಾಗತ್ತಾ ಸಾರ್?" ಮೇಡಂ ಕೇಳಿದರು.

"ಮೊದಲು ಕಾಲು ಉಳಿಸ್ಕೊಳ್ಳೋಣ. ಗ್ಯಾರಂಟಿ ಕೊಡಲ್ಲ."

ಅಣ್ಣ ಬೇಡವೆಂದು ತಲೆಯಾಡಿಸಿದರು. ಮೇಡಂ ಅಣ್ಣನ ಕಡೆ ನೋಡಲೇ ಇಲ್ಲ. "ಇಡಿ ಸಾರ್."

ಆ ವಾರಗಳು... ಬ್ಯಾಂಡೇಜು ಬಿಚ್ಚಿದಾಗಲೆಲ್ಲ ನಾನೂ ಮೇಡಮ್ಮೂ ಇಬ್ಬರೂ ಮೂಸಿ ನೋಡುತ್ತಿದ್ದೆವು. ಒಂದು ದಿನ ಬಟ್ಟೆ ಒದ್ದೆಯಾಗಿರಲಿಲ್ಲ. ಮರುದಿನವೂ ಇಲ್ಲ. ನಂಬಲು ಇಬ್ಬರಿಗೂ ಧೈರ್ಯ ಸಾಲಲಿಲ್ಲ. ಮಣಿ ತೆಗೆದು, ಅವರದೇ ಸೊಂಟದ ಮೂಳೆಯಿಂದ ತೆಗೆದ ಚೂರುಗಳನ್ನು ಆ ಗುಂಡಿಗೆ ತುಂಬಿ, ಹೊಲಿಗೆ ಬಿಚ್ಚಿದ ಮೇಲೂ ಅವರು ಆ ಜಾಗವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಬಿಡದೆ ಹಾರ್ನ್ ಕೇಳಿಸಿತು. ಹೊರಗೆ ಬಂದರೆ ಮೇಡಂ ಕಾರಿನ ಎಡಸೀಟಿನಲ್ಲಿ ಕೂತು, ಕೈ ಚಾಚಿ ಹಾರ್ನ್ ಒತ್ತುತ್ತಿದ್ದಾರೆ! "ಬನ್ರೀ, ಎರಡನೇ ಗೇರು ಬಾಕಿ ಇದೆ."

ಕಲಿಸುವ ಕಾರಾದ್ದರಿಂದ ಅವರ ಕಾಲಡಿಯಲ್ಲೂ ಕ್ಲಚ್ಚು, ಬ್ರೇಕು ಇದ್ದವು. ಕನಕಪುರ ರಸ್ತೆಯಲ್ಲಿ ಬಸ್ಸೊಂದು ಅಡ್ಡ ಬಂದಾಗ ನಾನು ಗಾಬರಿಯಲ್ಲಿ ಎಲ್ಲ ಪೆಡಲುಗಳನ್ನೂ ಬಿಟ್ಟುಬಿಟ್ಟೆ. ಅವರು ಎರಡೂ ಕಾಲಿನಿಂದ ತಮ್ಮ ಕ್ಲಚ್ಚು, ಬ್ರೇಕು ಒತ್ತಿದರು. ಕಾರು ನಿಂತಿತು. ಹಿಂದಿನವರೆಲ್ಲ ಬೈಯುತ್ತಿದ್ದರೆ ಅವರು ತಮ್ಮ ಎಡಗಾಲನ್ನೇ ನೋಡುತ್ತಾ, "ಒತ್ತಿದೆ ಕಣ್ರೀ..." ಎಂದು ಅತ್ತುಬಿಟ್ಟರು.

ಆಮೇಲೂ ಕೆಲವು ವರ್ಷ ಕಲಿಸಿದರು. ಕಾಲಿನಲ್ಲಿ ಮತ್ತೆ ಕೀವು ಕಟ್ಟಲಿಲ್ಲ. ಕಾಲನ್ನೇ ಕಾದುಕೊಂಡಿದ್ದ ನಮಗೆ ಅವರ ಹೃದಯದ ನೆನಪೇ ಇರಲಿಲ್ಲ. ಒಂದು ಮಧ್ಯಾಹ್ನ ಊಟ ಮುಗಿಸಿ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ.

ಕಳೆದ ತಿಂಗಳು ಮೊದಲ ಸಲ ಒಬ್ಬಳೇ ಮೈಸೂರಿಗೆ ಕಾರು ಓಡಿಸಿಕೊಂಡು ಹೋಗಿ ಬಂದೆ. ಇಳಿದವಳು ನಮ್ಮ ಮನೆಯ ಬೀಗ ತೆಗೆಯುವ ಮೊದಲೇ ಎದುರುಮನೆಯ ಬಾಗಿಲವರೆಗೆ ನಡೆದುಬಿಟ್ಟಿದ್ದೆ. ಬಾಡಿಗೆಗೆ ಹೊಸದಾಗಿ ಬಂದ ಹುಡುಗಿ ಹೊರಗೆ ಇಣುಕಿ, "ಯಾರು ಬೇಕಿತ್ತು ಆಂಟಿ?" ಎಂದಳು.

"ಯಾರೂ ಇಲ್ಲಮ್ಮ" ಎಂದು ಹಿಂದಿರುಗಿದೆ.