ಈಚೆ ದಡ್ಡ, ಆಚೆ ದಡ್ಡ

ದೂಮಣ್ಣನ ಹೋಟೆಲಿನಲ್ಲಿ ಚಾ ಕೇಳಿದರೆ ಚಾ ಬರುವ ಮೊದಲು ಪ್ರಶ್ನೆ ಬರುತ್ತಿತ್ತು.

"ಚಾ ಯಾಕೆ?"

"ಕುಡೀಲಿಕ್ಕೆ, ದೂಮಣ್ಣ."

"ಹೊರಗೆ ಬಿಸಿಲು ಹೇಗೆ ಉಂಟು ನೋಡಿದ್ದೀಯಾ? ಈ ಬಿಸಿಲಿಗೆ ಚಾ ಕುಡಿಯುವವನಿಗೆ ಎಂತ ಹೇಳ್ಬೇಕು?"

"ಹಾಗಾದ್ರೆ ಒಂದು ಲಿಂಬೆ ಶರಬತ್ತು ಕೊಡಿ."

"ಶರಬತ್ತು ಯಾಕೆ? ಬಿಸಿಲಿನಿಂದ ಬಂದವ ಕೂಡ್ಲೇ ತಂಪು ಕುಡಿದ್ರೆ ಗಂಟಲು ಎಂತ ಆಗ್ತದೆ ಗೊತ್ತುಂಟಾ?"

ಅಷ್ಟರಲ್ಲಿ ಚಾ ಮೇಜಿನ ಮೇಲೆ ಬಂದು ಕೂತಿರುತ್ತಿತ್ತು, ಜೊತೆಗೆ ಯಾರೂ ಕೇಳದ ಎರಡು ಬನ್ಸ್. ಮಂಗಳೂರಿನ ನಂತೂರು ವೃತ್ತದ ಹತ್ತಿರ ಆ ಹೋಟೆಲು. ಹೊರಗೆ ಲಾರಿ ಬಸ್ಸುಗಳ ಹಾರ್ನು, ಒಳಗೆ ದೂಮಣ್ಣ. ಒಮ್ಮೆ ಲಾರಿ ಡ್ರೈವರೊಬ್ಬ ಪರೋಟ ಕೇಳಿ, ವಾದಕ್ಕೆ ಸಿಕ್ಕಿ, ಕೊನೆಗೆ ಕೈಮುಗಿದು "ನಿಮಗೆ ಸರಿ ಕಂಡದ್ದು ಕೊಡಿ ಧಣಿ" ಎಂದ. "ಹಾಗೆ ಹೇಳಿದ್ರೆ ಹೇಗೆ? ನಿನಗೇ ಒಂದು ಅಭಿಪ್ರಾಯ ಬೇಡವಾ?" ಎಂದು ದೂಮಣ್ಣ ಅದಕ್ಕೂ ಅವನನ್ನು ಬಿಡಲಿಲ್ಲ.

ಇದನ್ನು ಜಗಳಗಂಟತನ ಎಂದುಕೊಂಡರೆ ನಿಮಗೆ ದೂಮಣ್ಣ ಗೊತ್ತಿಲ್ಲ. ಅವರು ತಾಳಮದ್ದಳೆಯ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಒಂದು ಪದ್ಯ ಹಾಡುತ್ತಾರೆ. ಚೆಂಡೆ ಮದ್ದಳೆ ನಿಂತ ಮೇಲೆ ಎದುರು ಬದುರು ಕೂತವರು ಆ ಕತೆಯ ಪಾತ್ರಗಳಾಗಿ ಮಾತಿಗೆ ಮಾತು ಕೊಡುತ್ತಾರೆ. ಬರೆದುಕೊಂಡದ್ದು ಒಂದಕ್ಷರ ಇರುವುದಿಲ್ಲ, ಎಲ್ಲ ಆಗಿಂದಾಗ ಹೊಳೆದದ್ದು. ಇಂಥ ಕೂಟಗಳಲ್ಲಿ ದೂಮಣ್ಣನಿಗೆ ಸೋಲು ಎಂದರೆ ಏನೆಂದೇ ತಿಳಿದಿರಲಿಲ್ಲ. ಮಾತಿನ ನಡುವೆ ಅವರು ಪಂಚೆಯ ಅಂಚನ್ನು ಮೊಣಕಾಲಿನ ಮೇಲೆ ನಿಧಾನ ಸರಿಮಾಡಿಕೊಂಡರೆ ಎದುರಿನವನ ಕತೆ ಮುಗಿಯಿತು ಅಂತ ಲೆಕ್ಕ.

ನಾನು ಕಂಕನಾಡಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡ ಬ್ಯಾರಿ. ಪ್ರಾಯದಲ್ಲಿ ಎಂಟು ವರ್ಷ ದುಬೈಯಲ್ಲಿದ್ದೆ. ಆರು ಮಂದಿಯ ಕೋಣೆಯಲ್ಲಿ ನನಗಿದ್ದ ಊರು ಎಂದರೆ ದೂಮಣ್ಣನ ಮೂರು ಕ್ಯಾಸೆಟ್ಟು. ಹಿಂದೆ ಬಂದು ಅಂಗಡಿ ತೆರೆದ ವಾರವೇ ಬಾಗಿಲಲ್ಲಿ ಒಂದು ದನಿ ಕೇಳಿತು, "ಈ ಪಂಚೆಯ ಅಂಚು ಯಾಕೆ ಇಷ್ಟು ಅಗಲ?" ತಲೆ ಎತ್ತುವ ಮೊದಲೇ ಗುರುತು ಸಿಕ್ಕಿ ನನ್ನ ಕಣ್ಣು ಒದ್ದೆಯಾಯಿತು. ಆ ಪಂಚೆ ಅವರು ತೆಗೆದುಕೊಳ್ಳಲಿಲ್ಲ, ಬೇರೆ ಮಾತು. ಅಂದಿನಿಂದ ಅವರ ಕೂಟ ಎಲ್ಲಿದ್ದರೂ ಮುಂದಿನ ಸಾಲಿನಲ್ಲಿ ನಾನಿದ್ದೆ.

ಇಪ್ಪತ್ತೆರಡು ವರ್ಷ ಅವರ ಎದುರು ಕೂತವರು ಗೋಪಾಲ ಮಾಸ್ಟ್ರು. ಬಿಕರ್ನಕಟ್ಟೆಯವರು, ಶಾಲೆಯಲ್ಲಿ ಕನ್ನಡ ಕಲಿಸಿದವರು, ಮೆದು ಮಾತಿನ ಮನುಷ್ಯ. ಒಂದು ಆದಿತ್ಯವಾರ ಮಧ್ಯಾಹ್ನದ ಕೂಟದಲ್ಲಿ ದೂಮಣ್ಣ ರಾಜ, ಮಾಸ್ಟ್ರು ಮಂತ್ರಿ. "ಪ್ರಜೆಗಳ ಅಪೇಕ್ಷೆಯೇ ನನ್ನ ಧರ್ಮ" ಎನ್ನಬೇಕಿದ್ದ ಮಾಸ್ಟ್ರು ನಾಲಗೆ ಹೊರಳಿ "ಪ್ರಜೆಗಳ ಉಪೇಕ್ಷೆಯೇ ನನ್ನ ಧರ್ಮ" ಎಂದುಬಿಟ್ಟರು. ಪ್ರಜೆಗಳ ಬಯಕೆ ಎನ್ನಲು ಹೋಗಿ ಪ್ರಜೆಗಳನ್ನು ಕಡೆಗಣಿಸುವುದು ಎಂದ ಹಾಗಾಯಿತು. ಇನ್ನೊಬ್ಬರಾಗಿದ್ದರೆ ನಕ್ಕು ಬಿಡುತ್ತಿದ್ದರು. ದೂಮಣ್ಣ ಪಂಚೆಯ ಅಂಚು ಸರಿಮಾಡಿಕೊಂಡರು. ಆ ಒಂದು ಪದವನ್ನು ಹಿಡಿದು ಅರ್ಧ ಗಂಟೆ ಎಳೆದರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾಚಿಕೆಯಿಂದಲೇ ಹೇಳುತ್ತೇನೆ, ನಾನೂ ನಕ್ಕೆ. ಸಭೆಯಲ್ಲಿ ಮಾಸ್ಟ್ರ ಹಳೆಯ ವಿದ್ಯಾರ್ಥಿಗಳು ಎರಡು ಸಾಲು ತುಂಬ ಇದ್ದರು. ಮಾಸ್ಟ್ರು ಶಾಲು ತೆಗೆದು ಕುರ್ಚಿಯ ಮೇಲೆ ಇಟ್ಟು, ಪ್ರಸಂಗದ ಅರ್ಧಕ್ಕೇ ಎದ್ದು ಹೋದರು.

ಆಮೇಲೆ ದೂಮಣ್ಣನ ಎದುರು ಕೂರಲು ಯಾರೂ ಒಪ್ಪಲಿಲ್ಲ. ಕೂಟ ಏರ್ಪಡಿಸುವ ಸಂಘದವರು ಕೇಳಿದರೆ ಒಬ್ಬರಿಗೆ ಮದುವೆ, ಒಬ್ಬರಿಗೆ ಜ್ವರ. ನಾಲ್ಕು ವರ್ಷ ದೂಮಣ್ಣನಿಗೆ ಒಂದೇ ಒಂದು ಕೂಟ ಸಿಗಲಿಲ್ಲ. ಅವರ ವಾದವೆಲ್ಲ ಗಿರಾಕಿಗಳ ಪಾಲಾಯಿತು.

"ಹೋಗಿ ಒಂದು ಮಾತು ಹೇಳಿ ಬನ್ನಿ ದೂಮಣ್ಣ, ತಪ್ಪಾಯಿತು ಅಂತ" ಎಂದೆ ಒಮ್ಮೆ.

"ತಪ್ಪು ಯಾರದ್ದು? ಪದ ತಪ್ಪಿದ್ದು ಅವರು. ನಾನು ಯಾಕೆ ತಪ್ಪಾಯಿತು ಹೇಳುದು?" ಎಂದು ಶುರು ಮಾಡಿದವರು ನಡುವೆ ನಿಂತರು. ಒರೆಸಿದ ಮೇಜನ್ನೇ ಇನ್ನೊಮ್ಮೆ ಒರೆಸಿದರು. "ಮಾಸ್ಟ್ರು ಒಮ್ಮೆ ಎದುರು ಬಂದು ಕೂತ್ರೆ ಸಾಕು ಮಾರಾಯ. ನನಗೆ ಮತ್ತೆ ಎಂತದೂ ಬೇಡ." ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಹೀಗಿರುವಾಗ ಎಲೆನ್ ಬಂದಳು. ಅಮೆರಿಕದ ಷಿಕಾಗೊದವಳು, ನಲವತ್ತು ದಾಟಿದ ಹೆಂಗಸು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಅಲ್ಲಿ ಅವಳದ್ದೂ ಬರೆದ ಮಾತಿಲ್ಲದ ನಾಟಕ. ಪ್ರೇಕ್ಷಕರು ಒಂದು ಪದ ಕೊಟ್ಟರೆ ಅದನ್ನೇ ಹಿಡಿದು ನಿಂತ ನಿಲುವಿನಲ್ಲಿ ಆಡುವುದು. ಮಂಗಳೂರಿನಲ್ಲೂ ಇಂಥವರಿದ್ದಾರೆ ಎಂದು ಕೇಳಿ, ಎರಡು ವರ್ಷ ಕನ್ನಡ ಕಲಿತು ಬಂದಿದ್ದಳು. ಕಲಿತದ್ದು ತಾಳಮದ್ದಳೆಯ ಧ್ವನಿಮುದ್ರಿಕೆ ಕೇಳಿ. ಹೋಟೆಲಿಗೆ ಕಾಲಿಟ್ಟವಳೇ ಕೈಮುಗಿದು ಹೇಳಿದಳು:

"ಸ್ವಾಮೀ, ನನ್ನ ಹಸಿವನ್ನು ಶಮನಗೊಳಿಸಬಲ್ಲ ಪದಾರ್ಥವೇನಾದರೂ ಇಲ್ಲಿ ಉಂಟೇ?"

ಇಡೀ ಹೋಟೆಲು ಕೈ ನಿಲ್ಲಿಸಿ ನೋಡಿತು. ದೂಮಣ್ಣ 'ಯಾಕೆ' ಎಂದು ಕೇಳುವುದನ್ನೇ ಮರೆತರು.

ಸಂಘದವರಿಗೆ ಖುಷಿಯೋ ಖುಷಿ. ಎದುರು ಕೂರುವವಳು ಸಿಕ್ಕಿದಳಲ್ಲ! ಇಬ್ಬರಿಗೂ ಹೊಂದುವ ಹಾಗೆ ಒಂದು ಹೊಸ ಪ್ರಸಂಗ ಬರೆಸಿದರು. ಯುದ್ಧಕ್ಕೆ ಹೊರಟ ರಾಜ ನದಿ ದಾಟಬೇಕು, ಅಂಬಿಗಿತ್ತಿ ದಾಟಿಸಲು ಒಪ್ಪುವುದಿಲ್ಲ. ಎರಡು ಗಂಟೆ ವಾದ. ಕೊನೆಗೆ ರಾಜ ದಾಟುತ್ತಾನೆ. ಮೊದಲ ಅಭ್ಯಾಸ ಹೋಟೆಲಿನ ಹಿಂದಿನ ಕೋಣೆಯಲ್ಲಿ. ದೂಮಣ್ಣ ಗಂಟಲು ಸರಿಮಾಡಿಕೊಂಡು, "ಎಲೌ ಅಂಬಿಗಿತ್ತಿ, ನನ್ನನ್ನು ಆಚೆ ದಡಕ್ಕೆ ಮುಟ್ಟಿಸುವೆಯಾ?" ಎಂದರು.

"ಹೌದು ಮಹಾರಾಜ! ಬನ್ನಿ, ಹತ್ತಿ" ಎಂದಳು ಎಲೆನ್.

ರಾಜ ದಾಟಿದ. ಪ್ರಸಂಗ ಮುಗಿಯಿತು. ಭಾಗವತರು ಗಡಿಯಾರ ನೋಡಿದರು, ಎರಡು ನಿಮಿಷವೂ ಆಗಿರಲಿಲ್ಲ.

"ಎಂತ ಸಾವು ಮಾರಾಯ್ರೆ ಇದು! ಕೂಡ್ಲೇ ಒಪ್ಪುದಾ?" ದೂಮಣ್ಣ ತಲೆಗೆ ಕೈ ಇಟ್ಟರು.

ಎಲೆನ್‌ಗೆ ತಪ್ಪು ಎಲ್ಲಾಯಿತೆಂದೇ ಅರ್ಥವಾಗಲಿಲ್ಲ. ಅವರ ನಾಟಕದಲ್ಲಿ ಮೊದಲ ಪಾಠವೇ ಅದಂತೆ. ಎದುರಿನವರು ಏನು ಕೊಟ್ಟರೂ 'ಹೌದು, ಮತ್ತೆ' ಎಂದು ಹಿಡಿದುಕೊಳ್ಳಬೇಕು, ಅದಕ್ಕೆ ತನ್ನದೊಂದು ಸೇರಿಸಬೇಕು. 'ಇಲ್ಲ' ಎಂದರೆ ಆಟ ಅಲ್ಲಿಗೇ ಸತ್ತಿತು. "ಎದುರಿನವರ ತಪ್ಪನ್ನೂ ನಾವು ಉಡುಗೊರೆ ಎಂದು ಸ್ವೀಕರಿಸುತ್ತೇವೆ" ಎಂದಳು.

"ತಪ್ಪು ಉಡುಗೊರೆಯಾ? ಅದು ಹೇಗೆ?"

"ಅದರಿಂದ ಹೊಸತು ಹುಟ್ಟುತ್ತದೆ."

"ಎಲ್ಲದಕ್ಕೂ ಹೌದು ಹೇಳುದಾದ್ರೆ ಮನೆಯಲ್ಲಿ ಕೂತ್ಕೊಳ್ಬಹುದಲ್ಲ? ಕೂಟಕ್ಕೆ ಯಾಕೆ ಬರುದು?"

ಮೂರು ವಾರ ಇದೇ ಪಾಡು. ಇವರಿಗೆ 'ಹೌದು' ಬಾಯಿಗೆ ಬರಲೊಲ್ಲದು, ಅವಳಿಗೆ 'ಇಲ್ಲ' ಬರಲೊಲ್ಲದು. ನಡುವೆ ನನಗೆ ಮಂಡೆಬಿಸಿ. ಹಾಗೆಂದು ಜಗಳ ಆಡಿದರೆನ್ನಬೇಡಿ. ಎಲೆನ್ ಅಡುಗೆಮನೆಗೇ ನುಗ್ಗಿ ಗೋಳಿಬಜೆ ಬಿಡಲು ಕಲಿತಳು. ದೂಮಣ್ಣ ಪಕ್ಕದಲ್ಲಿ ನಿಂತು, ಅವಳು ಬಿಟ್ಟ ಒಂದೊಂದು ಬಜೆಯೂ ಯಾಕೆ ಗೋಳಿಯ ಹಾಗಿಲ್ಲ ಎಂದು ತಕರಾರು ತೆಗೆದು, ಆಮೇಲೆ ಅವನ್ನೇ ತಿಂದರು.

ಕೂಟದ ಮುನ್ನಾದಿನ ನಾನು ಯಾರಿಗೂ ಹೇಳದೆ ಬಿಕರ್ನಕಟ್ಟೆಗೆ ಹೋದೆ. ಮಾಸ್ಟ್ರನ್ನು ಕೂಟಕ್ಕೆ ಕರೆದೆ.

"ಅಮೆರಿಕದವಳು ಕನ್ನಡದಲ್ಲಿ ಅರ್ಥ ಹೇಳ್ತಾಳಂತಲ್ಲ? ಅದನ್ನು ಕೇಳ್ಲಿಕ್ಕೆ ಬರ್ತೇನೆ ರಜಾಕ್. ಆ ಮನುಷ್ಯನ ಮುಖ ನೋಡ್ಲಿಕ್ಕೆ ಅಲ್ಲ" ಎಂದರು.

"ಕಣ್ಣು ಮುಚ್ಚಿಕೊಂಡೇ ಬನ್ನಿ ಮಾಸ್ಟ್ರೆ, ಬಂದ್ರೆ ಸಾಕು" ಎಂದೆ.

ಕಂಕನಾಡಿಯ ಆ ಸಣ್ಣ ಸಭಾಭವನ ಮಧ್ಯಾಹ್ನ ಮೂರಕ್ಕೇ ತುಂಬಿತ್ತು. ಮಾಸ್ಟ್ರು ಮೂರನೆಯ ಸಾಲಿನ ತುದಿಯಲ್ಲಿ, ಬೇಕೆಂದರೆ ಎದ್ದು ಹೋಗಬಹುದಾದ ಕುರ್ಚಿಯಲ್ಲಿ ಕೂತಿದ್ದರು. ದೂಮಣ್ಣ ವೇದಿಕೆಯಿಂದ ಅವರನ್ನು ನೋಡಿದರು. ನೋಡಿ, ಎರಡು ಸಲ ನೀರು ಕುಡಿದರು.

ಕೂಟ ಏರಿತು. ಎಲೆನ್ ತನ್ನ 'ಹೌದು' ಬಿಡಲಿಲ್ಲ, ಆದರೆ ಈ ಸಲ ಜೊತೆಗೊಂದು ಬಾಲ ಕಟ್ಟತೊಡಗಿದಳು. ಹೌದು ಮಹಾರಾಜ, ಬನ್ನಿ. ಮತ್ತೆ ನಿಮ್ಮ ಆನೆ ಎಲ್ಲಿ ಕೂರುತ್ತದೆ? ಹೌದು, ಸಾವಿರ ಸೈನಿಕರನ್ನು ದಾಟಿಸುತ್ತೇನೆ. ಮತ್ತೆ ಹಿಂದೆ ಬರುವಾಗ ಎಷ್ಟು ಮಂದಿಗೆ ಜಾಗ ಇಡಲಿ? ಸಭೆಯಲ್ಲಿ "ಭಲೇ" ಎಂಬ ದನಿ ಎದ್ದಿತು. ದೂಮಣ್ಣನ ಮುಖ ಅರಳಿತು. ನಾಲ್ಕು ವರ್ಷದ ಹಸಿವೆಲ್ಲ ಸೇರಿಸಿ ಉತ್ತರ ಕೊಟ್ಟರು.

ಆ ಉತ್ತರಕ್ಕೆ ಎದುರು ಹೇಳುವ ಹುರುಪಿನಲ್ಲಿ ಎಲೆನ್ ತಪ್ಪಿದಳು. ಈಚೆ ದಡ ನೀವು, ಆಚೆ ದಡ ಅವರು, ಅಂದರೆ ನಿಮ್ಮ ವೈರಿ, ಎಂದು ಅವಳು ಹೇಳಬೇಕಿತ್ತು. ಒತ್ತಕ್ಷರ ಎಂದರೆ ಅವಳಿಗೆ ಮೊದಲಿನಿಂದಲೂ ಆಗದು, ಇಲ್ಲದ ಕಡೆ ಒತ್ತುವಳು. ಕೈ ಎರಡೂ ಕಡೆ ಚಾಚಿ, ದೊಡ್ಡ ದನಿಯಲ್ಲಿ ಹೇಳಿದಳು:

"ಮಹಾರಾಜರೇ, ಈಚೆ ದಡ್ಡ ನೀವು, ಆಚೆ ದಡ್ಡ ಅವರು. ನಡುವೆ ನಾನೊಬ್ಬಳು!"

ಸಭೆ ಬಿದ್ದು ಬಿದ್ದು ನಕ್ಕಿತು. ಎಲೆನ್ ಕಂಗಾಲಾಗಿ ನನ್ನ ಕಡೆ ನೋಡಿದಳು. ಏನೋ ಎಡವಟ್ಟಾಯಿತೆಂದು ಗೊತ್ತು, ಏನೆಂದು ಗೊತ್ತಿಲ್ಲ. ನಾನು ನೋಡಿದ್ದು ದೂಮಣ್ಣನ ಕೈಯನ್ನು. ಅದು ಪಂಚೆಯ ಅಂಚಿಗೆ ಹೋಯಿತು. ಅಂಚನ್ನು ಸರಿಮಾಡಿತು. ಮುಗಿಯಿತು ಇವಳ ಕತೆ, ಯಾ ಅಲ್ಲಾ, ಇವತ್ತೂ ಅದೇ ಆಗ್ತದೆ ಎಂದುಕೊಂಡೆ. ಮೂರನೆಯ ಸಾಲಿನಲ್ಲಿ ಮಾಸ್ಟ್ರು ಹೆಗಲ ಮೇಲಿನ ಬೈರಾಸು ಸರಿಮಾಡಿಕೊಂಡು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದರು.

ನಗು ಇಳಿಯುವ ತನಕ ದೂಮಣ್ಣ ಕಾದರು.

"ಹೌದು, ಅಂಬಿಗಿತ್ತಿ" ಎಂದರು. "ಈಚೆ ದಡ್ಡ ನಾನೇ."

ಎಲೆನ್ ನನ್ನಿಂದ ಕಣ್ಣು ಕಿತ್ತು ಅವರ ಕಡೆ ತಿರುಗಿದಳು.

"ಮತ್ತೆ, ಕೇಳು. ನನ್ನ ದಡ್ಡತನ ಇವತ್ತಿನದಲ್ಲ. ನನಗೊಬ್ಬ ಮಂತ್ರಿಯಿದ್ದ. ಇಪ್ಪತ್ತೆರಡು ವರ್ಷ ನನ್ನೆದುರು ಕೂತು ನನ್ನ ಮಾತಿಗೆ ಬೆಲೆ ತಂದವನು. ಒಂದು ದಿನ ಅವನ ಒಂದು ಅಕ್ಷರ ತಪ್ಪಿತು. ನಾನು ಆ ಅಕ್ಷರವನ್ನು ಹಿಡಿದುಕೊಂಡೆ, ಮಂತ್ರಿಯನ್ನು ಬಿಟ್ಟೆ. ಇಂಥ ರಾಜ ಯುದ್ಧ ಗೆದ್ದು ಯಾರಿಗೆ ಹೇಳಿಕೊಳ್ಳಲಿ? ನಿನ್ನ ದೋಣಿ ಕಟ್ಟಿಹಾಕು ತಾಯಿ. ನಾನು ದಾಟುವುದಿಲ್ಲ."

ಭಾಗವತರ ಪುಸ್ತಕದಲ್ಲಿ ಮುಂದಿನ ಪದ್ಯ ಇದ್ದದ್ದೇ ರಾಜ ನದಿ ದಾಟಿದನೆಂದು. ಅವರು ಬಾಯಿ ತೆರೆದರು, ಮುಚ್ಚಿದರು, ಸುಮ್ಮನೆ ತಾಳ ಕುಟ್ಟುತ್ತ ಕೂತರು. ಮದ್ದಳೆಯವರು ಅವರ ಮುಖ ನೋಡಿದರು. ಯಾರಿಗೂ ಮುಂದಿನ ದಾರಿ ಗೊತ್ತಿಲ್ಲ.

"ಭಾಗವತರೇ, ನಿಲ್ಲಿಸಿ!"

ಮಾಸ್ಟ್ರು. ಅರ್ಧ ಎದ್ದಿದ್ದವರು ಪೂರ್ತಿ ಎದ್ದು ವೇದಿಕೆಗೆ ನಡೆದೇ ಬಂದಿದ್ದರು. ಹೋಗಿ ನೇರ ದೂಮಣ್ಣನ ಎದುರಿಗೆ, ಎಲೆನ್‌ನ ಪಕ್ಕದಲ್ಲಿ, ಚಕ್ಕಳಮಕ್ಕಳ ಹಾಕಿ ಕೂತರು.

"ಮಹಾರಾಜಾ, ಮಂತ್ರಿ ಬಂದಿದ್ದೇನೆ. ಹೊರಟ ರಾಜ ನಡುದಾರಿಯಲ್ಲಿ ದಾಟುವುದಿಲ್ಲವೆಂದರೆ ನಿನ್ನನ್ನು ನಂಬಿ ಬಂದ ಸಾವಿರ ಮಂದಿಯ ಗತಿಯೇನು? ದಾಟಲೇಬೇಕು!"

ದೂಮಣ್ಣನ ಕಣ್ಣಲ್ಲಿ ನೀರು ತುಂಬಿದ್ದು ನನಗೆ ಮೊದಲ ಸಾಲಿನಿಂದ ಚೆನ್ನಾಗಿ ಕಂಡಿತು. ಆದರೆ ಬಾಯಿಂದ ಬಂದದ್ದು ಏನು ಗೊತ್ತೇ?

"ಯಾಕೆ?"

ಭವನವೇ ಮುರಿದು ಬೀಳುವ ಹಾಗೆ ಚಪ್ಪಾಳೆ. ಅದಾದ ಮೇಲೆ ಮುಕ್ಕಾಲು ಗಂಟೆ ರಾಜ ದಾಟುವುದಿಲ್ಲವೆಂದು, ಮಂತ್ರಿ ದಾಟಬೇಕೆಂದು. ಅಂಬಿಗಿತ್ತಿ ಇಬ್ಬರಿಗೂ 'ಹೌದು' ಎನ್ನುತ್ತ ಬೆಂಕಿಗೆ ತುಪ್ಪ ಸುರಿದಳು. ಕೊನೆಗೆ ಭಾಗವತರೇ ಸೋತು ಮಂಗಳ ಹಾಡಿದರು. ರಾಜ ದಾಟಿದನೋ ಇಲ್ಲವೋ, ಆ ಪ್ರಸಂಗ ಬರೆದವರಿಗೂ ಈಗ ಗೊತ್ತಿಲ್ಲ.

ಎಲೆನ್ ಊರಿಗೆ ಹೋದಳು. ಅಲ್ಲಿಯ ತನ್ನ ತಂಡಕ್ಕೆ ನೆಲದ ಮೇಲೆ ಕೂತು ವಾದಿಸಲು ಕಲಿಸುತ್ತಿದ್ದಾಳಂತೆ. ತಕರಾರು ತೆಗೆಯಲು ಅವರಿಗೆ ಇನ್ನೂ ನಾಚಿಕೆಯಂತೆ. ಇತ್ತ ದೂಮಣ್ಣನಿಗೂ ಮಾಸ್ಟ್ರಿಗೂ ಒಂದು ಆದಿತ್ಯವಾರವೂ ಬಿಡುವಿರಲಿಲ್ಲ. ಅಂಥ ಎರಡು ವರ್ಷ ಸಿಕ್ಕಿತು ಅವರಿಗೆ. ಆಮೇಲೆ ಒಂದು ಮುಂಜಾನೆ ದೂಮಣ್ಣ ಹಾಸಿಗೆಯಿಂದ ಏಳಲಿಲ್ಲ. ಯಾವ ವಾದವೂ ಇಲ್ಲದೆ ಹೋದರು.

ನಾನು ಅವರನ್ನು ಕೊನೆಯದಾಗಿ ಕಂಡದ್ದು ಅದಕ್ಕೆ ನಾಲ್ಕು ದಿನ ಮೊದಲು. ಮೂಡುಬಿದಿರೆಯಲ್ಲಿ ಕೂಟ. ಮಾಸ್ಟ್ರ ಕಾರಿನಲ್ಲಿ ಬಂದು ನನ್ನನ್ನು ಅಂಗಡಿಯ ಎದುರಿನಿಂದ ಹತ್ತಿಸಿಕೊಳ್ಳುತ್ತೇವೆಂದು ಹೇಳಿದ್ದರು. ನಾನು ಶಟರ್ ಎಳೆದು, ಒಗೆದ ಅಂಗಿ ಹಾಕಿ, ಅತ್ತರು ಪೂಸಿಕೊಂಡು ನಿಂತಿದ್ದೆ. ಕಾರು ಬಂತು, ನಿಂತಿತು. ಒಳಗೆ ದೊಡ್ಡ ವಾದ. ಮಾಸ್ಟ್ರು ಸ್ಟೇರಿಂಗು ಬಿಟ್ಟು ಎರಡು ಕೈಯಲ್ಲಿ ಏನೋ ವಿವರಿಸುತ್ತಿದ್ದರು. ದೂಮಣ್ಣ ಪೂರ್ತಿ ಅವರ ಕಡೆಗೇ ತಿರುಗಿ, ಮಾತು ಎಲ್ಲಿ ತಪ್ಪುತ್ತದೆಂದು ಕಾಯುತ್ತಿದ್ದರು. ನಾನು ಹಿಂದಿನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ ಬಸ್ಸಿನವ ಹಾರ್ನು ಹೊಡೆದ, ಕಾರು ಹೊರಟೇ ಹೋಯಿತು. "ದೂಮಣ್ಣ!" ಎಂದು ಕೂಗಿದೆ. ಕಿಟಕಿಯಿಂದ ಒಂದು ಕೈ ಹೊರಗೆ ಬಂದು ಬೀಸಿತು. ನನಗಲ್ಲ, ಮಾಸ್ಟ್ರ ಮಾತನ್ನು ತಳ್ಳಿಹಾಕಲು.

ಫೋನು ಮಾಡಿದೆ, ಇಬ್ಬರೂ ಎತ್ತಲಿಲ್ಲ. ಆ ಜನ, ಆ ಬಿಸಿಲಿನ ಮಧ್ಯೆ ನಿಂತು ನಾನು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಮರೆತು ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ.