ಗಂಟೆ ಸದ್ದಿಗೆ ಊಳಿಡುವ ನಾಯಿ

ನಾಯಿಯನ್ನು ಮನೆಗೆ ತಂದ ದಿನ ಅವ್ವ ಗಂಟೆ ಬಾರಿಸಿದಳೋ ಇಲ್ಲವೋ ಎಂಬುದು ನಮ್ಮ ಮನೆಯಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ. ಬಾರಿಸಿದರು ಎನ್ನುತ್ತಾಳೆ ನನ್ನ ಹೆಂಡತಿ. ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಆರತಿ ತಟ್ಟೆ ಎಂದು ಕೈಯೆತ್ತಿ ತೋರಿಸುತ್ತಾಳೆ. ಅವ್ವ ಬದುಕಿರುವವರೆಗೂ ಅದನ್ನು ಒಪ್ಪಲಿಲ್ಲ. "ನಾಯಿಗ್ಯಾಕ್ಲಾ ಗಂಟೆ ಬಾರಿಸ್ಲಿ? ಬರೀ ಕರ್ಪೂರ ಅಚ್ಚಿದ್ದೆ, ಅಷ್ಟೇಯ" ಎನ್ನುತ್ತಿದ್ದಳು. ನನಗೆ ನೆನಪಿರುವುದು ಹೊಗೆ, ಮತ್ತು ಹೆಂಡತಿಯ ಕೈಯಿಂದ ಕಿತ್ತುಕೊಂಡು ಹೋದ ಹಗ್ಗ. ಗಂಟೆಯ ಸದ್ದು ಆ ಹೊಗೆಯೊಳಗೆ ಇತ್ತೇ ಎಂದು ಒಂದೊಂದು ಸಲ ಹುಡುಕಿದಾಗಲೂ ಒಂದೊಂದು ಉತ್ತರ ಸಿಗುತ್ತದೆ. ಹಾಗಾಗಿ ನನ್ನ ಸಾಕ್ಷಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡು ಸಾವಿರದ ಇಸವಿ ಕಳೆದು ಎರಡೋ ಮೂರೋ ವರ್ಷವಾಗಿತ್ತು. ನಾನು ತಿ. ನರಸೀಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಹೆಂಡತಿಗೆ ನಂಜನಗೂಡಿನ ಶಾಲೆಯೊಂದರಲ್ಲಿ ಕೆಲಸ. ಮನೆ ನಂಜನಗೂಡಿನಲ್ಲೇ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಓಡಾಡುವುದು ನನ್ನ ಪಾಲಿಗೆ ಬಂದಿತ್ತು. ಮನೆ ಎಂದರೆ ಒಂದು ಉದ್ದನೆಯ ಕಟ್ಟಡದ ಹಿಂಭಾಗ. ಮುಂಭಾಗದಲ್ಲಿ ಮಾಲೀಕರು ಇದ್ದರು: ಬೆಲ್ಲದ ವ್ಯಾಪಾರಿ, ಲಿಂಗವಂತರು, ಬೆಳಿಗ್ಗೆ ಸಂಜೆ ಪೂಜೆ ತಪ್ಪಿಸದವರು. ಆ ಬೀದಿಯಲ್ಲಿ ನಮ್ಮಂಥವರಿಗೆ ಮನೆ ಸಿಕ್ಕಿದ್ದೇ ದೊಡ್ಡದು. ಜಾತಿ ಕೇಳಿದ್ದರು, ನಾನು ಹೇಳಿದ್ದೆ, ಅವರು "ಬಾಡು ಬೇಯಿಸ್ಬೇಡಿ, ಮಿಕ್ಕಿದ್ದು ನಿಮ್ಮಿಷ್ಟ" ಎಂದಿದ್ದರು. ನಾಯಿಯ ಮಾತು ಆಗ ಬಂದಿರಲಿಲ್ಲ.

ನಾಯಿ ಬೇಕೆಂದವಳು ಹೆಂಡತಿ. ಬೇಸಿಗೆ ರಜೆ ಶುರುವಾಗಿತ್ತು, ಹೊಸ ನಾಯಿಯ ಜೊತೆ ಮನೆಯಲ್ಲಿರಲು ಅವಳಿಗೆ ಸಮಯವಿತ್ತು. ಮೈಸೂರಿನ ಹೊರವಲಯದಲ್ಲಿ ಬೀದಿಪಾಲಾದ ಪ್ರಾಣಿಗಳನ್ನು ಇಟ್ಟುಕೊಳ್ಳುವ ಜಾಗವೊಂದಿತ್ತು. ಮರಿ ತರೋಣವೆಂದು ಹೋದವಳು, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ ಒಂದು ಕಂದು ಬಣ್ಣದ ಹೆಣ್ಣುನಾಯಿಯ ಮುಂದೆ ನಿಂತುಬಿಟ್ಟಳು. ಅದರ ಬೆನ್ನಿನ ಮೇಲೆ ಅಂಗೈ ಅಗಲ ಕೂದಲಿರಲಿಲ್ಲ, ಚರ್ಮ ನೆರಿಗೆಗಟ್ಟಿತ್ತು. ಯಾರೋ ಬಿಸಿನೀರೋ ಎಣ್ಣೆಯೋ ಎರಚಿರಬೇಕು ಎಂದರು ಅಲ್ಲಿ ನೋಡಿಕೊಳ್ಳುತ್ತಿದ್ದ ಹೆಂಗಸು. ಒಂದು ಮನೆಯವರು ಕರೆದುಕೊಂಡು ಹೋಗಿ ವಾಪಸ್ ತಂದು ಬಿಟ್ಟಿದ್ದರಂತೆ. "ಇನ್ನೊಂದು ಸಲ ವಾಪಸ್ ಬಂದರೆ ಇದು ಅನ್ನ ಬಿಡುತ್ತೆ, ನೋಡಿಕೊಂಡು ತಗೊಳ್ಳಿ" ಎಂದರು. ಹೆಂಡತಿ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ನಾನು ಬೇಡ ಎನ್ನುತ್ತಿದ್ದೆ.

ಅವ್ವ ಆಗ ಮೂಗೂರಿನಿಂದ ಬಂದು ನಮ್ಮ ಜೊತೆ ಇದ್ದಳು. ಅವಳ ಲೆಕ್ಕದಲ್ಲಿ ಮನೆಗೆ ಹೊಸದಾಗಿ ಬರುವ ಜೀವವನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳುವಂತಿಲ್ಲ, ಮನೆ ತುಂಬಿಸಿಕೊಳ್ಳಬೇಕು. ಸಂತೆಯಿಂದ ತಂದ ಹಸುವಿಗೆ ಮಾಡುವುದನ್ನೇ ನಾಯಿಗೂ ಮಾಡಿದಳು. ಬಾಗಿಲಲ್ಲಿ ಕಾಲಿಗೆ ನೀರು ಹಾಕಿದಳು, ಹಣೆಗೆ ಅರಿಸಿನ ಕುಂಕುಮ ಇಟ್ಟಳು. ಅಲ್ಲಿಯವರೆಗೂ ನಾಯಿ ನಡುಗುತ್ತ ನಿಂತಿತ್ತು. ಆಮೇಲೆ ಕರ್ಪೂರ ಹಚ್ಚಿದ ತಟ್ಟೆಯನ್ನು ಅದರ ಮುಖದ ಮುಂದೆ ಎತ್ತಿದಳು. ಮೈ ಸುಟ್ಟ ನಾಯಿಗೆ ಆರತಿ ಎತ್ತಬಾರದು ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅದು ಹಗ್ಗ ಕಿತ್ತುಕೊಂಡು, ಅವ್ವನ ತಟ್ಟೆ ಬೀಳಿಸಿ, ಒಳಗೆ ನುಗ್ಗಿ ಮಂಚದ ಕೆಳಗೆ ಸೇರಿಕೊಂಡಿತು. ಅವ್ವ ಉರಿಯುತ್ತಿದ್ದ ಕರ್ಪೂರವನ್ನು ಕಾಲಲ್ಲಿ ಒರೆಸಿ ಆರಿಸುತ್ತ, "ಸಂತೇಲಿ ತಂದ ಅಸಾನೇ ಸುಮ್ನೆ ನಿಂತ್ಕತದೆ, ಇದ್ಕೇನು ಬಂತು ರೋಗ" ಎಂದಳು.

ಅವತ್ತು ಸಂಜೆ ಮುಂಭಾಗದಲ್ಲಿ ಪೂಜೆಯ ಗಂಟೆ ಬಾರಿಸಿತು. ಮಂಚದ ಕೆಳಗಿನಿಂದ ಸಣ್ಣಗೆ ಶುರುವಾದ ಸ್ವರ ಮೇಲೇರಿ, ಎಳೆದುಕೊಂಡು, ಗಂಟೆ ನಿಂತ ಮೇಲೂ ನಿಲ್ಲಲಿಲ್ಲ. ಬೊಗಳುವುದಲ್ಲ, ಊಳಿಡುವುದು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಏಕೆಂದರೆ ಗೋಡೆಯ ಆಚೆ ಬದಿಯ ಕೋಣೆಯಲ್ಲಿ ಮಾಲೀಕರ ತಾಯಿ ಮಲಗಿದ್ದರು. ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ ಮುದುಕಿ. ಅಂಥ ಮನೆಯ ಹಿಂದೆ ನಾಯಿ ಊಳಿಟ್ಟರೆ ಜನ ಏನನ್ನುತ್ತಾರೆ ಎಂದು ವಿಶ್ವವಿದ್ಯಾಲಯದಲ್ಲಿ ಓದಿದವನಿಗೂ ಗೊತ್ತಿರುತ್ತದೆ.

ಮಾರನೆಯ ಬೆಳಿಗ್ಗೆ ಮತ್ತೆ ಹಾಗೇ ಆಯಿತು. ಅವತ್ತು ಸಂಜೆಯೂ. ಆಮೇಲೆ ಮಾಲೀಕರು ಬಂದು ಬಾಗಿಲಾಚೆ ನಿಂತರು.

"ಏನ್ ಮೇಷ್ಟ್ರೇ ಇದು? ಅವ್ವ ಮಲಗವ್ಳೆ. ಇದು ನೋಡಿದ್ರೆ ಪೂಜೆ ಒತ್ತಲ್ಲೇ ಇಂಗೆ ಮಾಡ್ತದೆ."

"ಗಂಟೆ ಸದ್ದಿಗೆ ಹೆದರ್ಕೊಂಡಿದೆ ಸಾಹುಕಾರ್ರೆ. ಹೊಸ ಜಾಗ. ಬೆಂಕಿ ಕಂಡು ಹೆದರಿದ ನಾಯಿ, ಎರಡನ್ನೂ ಸೇರಿಸ್ಕೊಂಡಿದೆ. ಇದಕ್ಕೆ ಕಾರಣ ಇದೆ."

ಭಯ ಹೇಗೆ ಒಂದು ಸದ್ದಿಗೆ ಅಂಟಿಕೊಳ್ಳುತ್ತದೆಂದು ನಾನು ವಿವರಿಸಿದೆ. ಅವರು ತಾಳ್ಮೆಯಿಂದಲೇ ಕೇಳಿದರು.

"ಇರ್ಬೋದು. ನಾನು ನಂಬ್ತೀನಿ ಅಂತಲ್ಲ ಮೇಷ್ಟ್ರೇ. ಆದ್ರೆ ನೋಡಾಕೆ ಬರೋ ನೆಂಟ್ರು ಕೇಳ್ತಾವ್ರೆ. ನಮ್ಮನೆಯವ್ಳು ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ. ಅಮಾಸೆ ಒತ್ಗೆ ನಿಂತ್ರೆ ಸರಿ. ಇಲ್ದಿದ್ರೆ ನಾಯಿ ಬುಡ್ತೀರೋ ಮನೆ ಬುಡ್ತೀರೋ ನೀವೇ ನೋಡ್ಕಳಿ."

ಅವರು ಹೋದ ಮೇಲೆ ಗಂಟೆಯ ಜಗಳ ಶುರುವಾದದ್ದು. ಅವ್ವ ಅವತ್ತು ಗಂಟೆ ಬಾರಿಸಿದ್ದರೆ ಆ ಭಯ ನಮ್ಮ ಬಾಗಿಲಲ್ಲೇ ಹುಟ್ಟಿದ್ದು, ಹೊಸದು, ಬಿಡಿಸಬಹುದು. ಬಾರಿಸದಿದ್ದರೆ ನಮಗೆ ಗೊತ್ತೇ ಇಲ್ಲದ ಯಾವುದೋ ಹಳೆಯ ಕಾಲದಿಂದ ನಾಯಿ ಅದನ್ನು ಹೊತ್ತು ತಂದಿದೆ. ನಾನು ಇಬ್ಬರನ್ನೂ ಕೂರಿಸಿಕೊಂಡು ಕಳ್ಳರನ್ನು ವಿಚಾರಿಸುವ ಹಾಗೆ ಕೇಳಿದೆ. ಹೆಂಡತಿ ಸಿಟ್ಟಾಗಿ, "ಬಾರಿಸಿದರೋ ಬಿಟ್ಟರೋ, ಈಗ ಮಾಡಬೇಕಾದ್ದು ಒಂದೇ ಅಲ್ವಾ?" ಎಂದು ಎದ್ದು ಹೋಗಿ ದೇವರ ಗೂಡಿನಿಂದ ಗಂಟೆ ತೆಗೆದಳು. ಅದಕ್ಕೆ ಬಟ್ಟೆ ಸುತ್ತಿ, ಮೆಲ್ಲಗೆ ಅಲ್ಲಾಡಿಸಿ, ಪ್ರತಿ ಸಲ ಒಂದು ಚೂರು ಬನ್ನು ಕೊಡುವುದು ಅವಳ ಯೋಚನೆ.

"ದೇವ್ರ ಗಂಟೇನ ನಾಯಿ ಮುಂದೆ ಅಲ್ಲಾಡಿಸ್ತೀಯಾ?" ಎಂದಳು ಅವ್ವ.

"ನೀವು ದೇವರ ಆರತಿನೇ ಎತ್ತಿದ್ರಲ್ಲ ಅತ್ತೆ."

ಅವ್ವ ಮುಖ ತಿರುಗಿಸಿಕೊಂಡು ಕೂತಳು. ಆದರೆ ಬನ್ನಿಗೆ ಬೆಣ್ಣೆ ಸವರಿಕೊಟ್ಟವಳು ಅವಳೇ.

ನಾಯಿ ಬನ್ನು ತಿನ್ನಲು ಕಲಿಯಿತು. ಮಂಚದ ಕೆಳಗಿನಿಂದ ಅಡುಗೆಮನೆಯ ಹೊಸಿಲವರೆಗೂ ಬರಲು ಕಲಿಯಿತು. ಹೆಂಡತಿ ನೆಲದ ಮೇಲೆ ಅದಕ್ಕೆ ಬೆನ್ನು ಹಾಕಿ ಕೂತು ಪುಸ್ತಕ ಓದುತ್ತಿದ್ದಳು, ಅದು ಬಂದು ಅವಳ ಸೆರಗು ಮೂಸಿ ಹೋಗುತ್ತಿತ್ತು. ನಮ್ಮ ಗಂಟೆಗೆ ಅದು ಬಾಯಿ ಚಪ್ಪರಿಸುತ್ತಿತ್ತು. ಗೋಡೆಯಾಚೆಯ ಗಂಟೆಗೆ ಮಾತ್ರ ಊಳಿಡುತ್ತಿತ್ತು. ಅದು ದೊಡ್ಡ ಗಂಟೆ, ಸದ್ದು ಗೋಡೆಯೊಳಗಿಂದ ನೆಲಕ್ಕಿಳಿದು ಬರುತ್ತಿತ್ತು. ನಾನು ಪರೀಕ್ಷೆಯ ಕೊಠಡಿಯಲ್ಲಿ ನಿಂತು ಹುಡುಗರ ಮೇಲೆ ಕಣ್ಣಿಟ್ಟಿದ್ದರೂ ಕಿವಿ ನಂಜನಗೂಡಿನಲ್ಲಿರುತ್ತಿತ್ತು. ಸಂಜೆ ಬಸ್ಸಿಳಿದು ಬೀದಿಯ ತಿರುವಿಗೆ ಬಂದಾಗ, ಮಾಲೀಕರ ಬಾಗಿಲ ಮುಂದೆ ಚಪ್ಪಲಿಗಳು ಹೆಚ್ಚಾಗಿವೆಯೇ ಎಂದು ಮೊದಲು ನೋಡುತ್ತಿದ್ದೆ. ಮುದುಕಿಗೆ ಜ್ವರ ಶುರುವಾಗಿತ್ತು. ನನಗೆ ಶಕುನದಲ್ಲಿ ನಂಬಿಕೆ ಇರಲಿಲ್ಲ. ಆದರೂ ಅವರು ಅಮಾವಾಸ್ಯೆಗೆ ಮುಂಚೆ ಹೋಗದಿರಲಿ ಎಂದುಕೊಳ್ಳುತ್ತಿದ್ದೆ, ಅದೂ ಅವರಿಗಾಗಿ ಅಲ್ಲ.

ಒಂದು ಬೆಳಿಗ್ಗೆ ಪೂಜೆ ಮುಗಿದ ಮೇಲೆ ಮಾಲೀಕರ ಹೆಂಡತಿ ಬಂದರು. ಅತ್ತೆ ನಾಯಿಯನ್ನು ನೋಡಬೇಕಂತೆ ಎಂದರು.

ಹೆಂಡತಿ ನಾಯಿಯನ್ನು ಎತ್ತಿಕೊಂಡಳು, ನಾನು ಹಿಂದೆ ಹೋದೆ. ಮುದುಕಿ ದಿಂಬಿಗೆ ಒರಗಿದ್ದರು. ಹಣೆಯಲ್ಲಿ ವಿಭೂತಿ, ಕಣ್ಣು ಚುರುಕು. ಮಾಲೀಕರು ಕೋಣೆಯ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದರು.

"ನನ್ನ ಕರ್ಕೊಂಡೋಗಾಕೆ ಬಂದದೆ ಅಂತ ಎಲ್ರೂ ಗುಸುಗುಸು ಅಂತೀರಲ್ಲ. ಯಾರು ಬಂದವ್ರೆ ಅಂತ ಮುಖನಾರ ನೋಡ್ಬ್ಯಾಡ್ವಾ ನಾನು?" ಎಂದರು ಮುದುಕಿ. ಆಮೇಲೆ ನಾಯಿಗೆ, "ಅಯ್ಯೋ, ನೀನೇ ನನ್ಗಿಂತ ಎದ್ರಿದ್ದೀಯಲ್ಲೇ" ಎಂದರು.

ಹೆಂಡತಿ ಅದನ್ನು ಮಂಚದ ಅಂಚಿನಲ್ಲಿ ಹಿಡಿದುಕೊಂಡಳು. ಕಚ್ಚಿಬಿಟ್ಟರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಮುದುಕಿಯ ಕೈ ತಲೆಯಿಂದ ಬೆನ್ನಿಗೆ ಇಳಿಯಿತು, ಬೋಳು ಜಾಗದ ಹತ್ತಿರ ನಿಂತಿತು. ನಾಯಿಯ ತುಟಿ ಮೇಲೆದ್ದು ಹಲ್ಲು ಕಂಡಿತು. ಮುದುಕಿ ಕೈ ತೆಗೆಯಲಿಲ್ಲ, ಮುಂದೆಯೂ ಸರಿಸಲಿಲ್ಲ. ಎಷ್ಟು ಹೊತ್ತೋ. ಕೊನೆಗೆ ತುಟಿ ಕೆಳಗಿಳಿಯಿತು.

"ಸುಟ್ಟವ್ರೆ ಕಣ್ಲಾ ಇದ್ನ" ಎಂದರು ಮಗನಿಗೆ. "ನೀನು ನೋಡಿದ್ರೆ ಮಠದ ಗಂಟೆ ಬಾರ್ಸ್ದಂಗೆ ಬಾರಿಸ್ತೀಯ. ನಂಗೇ ಎದೆ ಅದುರ್ತದೆ. ಮೆಲ್ಲುಕ್ ಬಾರ್ಸು. ಶಿವ ಏನು ಕಿವುಡ್ನಾ?"

ಮಾಲೀಕರು ಅಮಾವಾಸ್ಯೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆದರೆ ಅಂದು ಸಂಜೆ ಗಂಟೆ ಮೆಲ್ಲಗೆ ಕೇಳಿಸಿತು. ಹೆಂಡತಿ ಬನ್ನು ಹಿಡಿದು ಕೂತಿದ್ದಳು. ನಾಯಿ ಸಣ್ಣಗೆ ಕುಂಯ್‌ಗುಟ್ಟಿತು, ಊಳಿಡಲಿಲ್ಲ.

ಕೆಲವು ದಿನ ಹಾಗೇ ನಡೆಯಿತು. ಅಮಾವಾಸ್ಯೆ ಇನ್ನೇನು ಹತ್ತಿರವಾಗಿದ್ದಾಗ, ಒಂದು ಮಧ್ಯಾಹ್ನ ಮುದುಕಿ ಊಟ ಮಾಡಿ ಮಲಗಿದವರು ಏಳಲಿಲ್ಲ. ನಾಯಿ ಆಗ ಅಡುಗೆಮನೆಯ ತಣ್ಣನೆ ನೆಲದ ಮೇಲೆ ಕಾಲು ಚಾಚಿ ನಿದ್ದೆ ಮಾಡುತ್ತಿತ್ತು. ಅದಕ್ಕೆ ಏನೂ ಗೊತ್ತಾಗಲಿಲ್ಲ. ಇದನ್ನು ಎಲ್ಲರಿಗೂ ಕೂಗಿ ಹೇಳಬೇಕೆನ್ನಿಸಿತು ನನಗೆ, ಸಾವಿನ ಮನೆಯಲ್ಲಿ ವಾದ ಗೆದ್ದವನ ಹಾಗೆ. ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅಂಗಳ ತುಂಬಿತು. ಮುದುಕಿಯನ್ನು ಹೂವಿನ ಅಲಂಕಾರದಲ್ಲಿ ಕೂರಿಸಿದ್ದರು. ಮಠದ ಕಡೆಯವರು ಬಂದು ಗಂಟೆ, ಜಾಗಟೆ, ಶಂಖ ಎಲ್ಲ ಒಟ್ಟಿಗೆ ಎತ್ತಿದರು. ಹೆಂಡತಿ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಾಯಿಯನ್ನು ತೊಡೆಯ ಮೇಲೆ ಅವುಚಿಕೊಂಡಿದ್ದಳು. ನಾನು ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದೆ. ಆಗ ಕೇಳಿಸಿತು, ಮೊದಲ ದಿನದ್ದೇ ಸ್ವರ, ಮೇಲೇರಿ ಎಳೆದುಕೊಂಡು ಹೋಗುವ ಸ್ವರ.

ತಲೆಗಳು ತಿರುಗಿದವು. ಚಿಕ್ಕಯ್ಯನಛತ್ರದ ಕಡೆಯ ನೆಂಟರೊಬ್ಬರು ಮಾಲೀಕರ ಕಡೆ ಬಾಗಿ, "ಇದೇ ಅಲ್ವಾ ಆ ನಾಯಿ? ಇನ್ನೂ ಮಡಗಿದ್ದೀಯಲ್ಲ ಮಾರಾಯ" ಎಂದರು. ನಾನು ಕುರ್ಚಿಯೊಂದನ್ನು ಎತ್ತಿ ಹಿಡಿದೇ ನಿಂತೆ. ಮಾಲೀಕರು ತಾಯಿಯ ಮುಖ ನೋಡುತ್ತಿದ್ದವರು ತಿರುಗಲಿಲ್ಲ.

"ಸತ್ತಾಗ ಸುಮ್ಕಿತ್ತು. ಈಗ ಅಳ್ತಾ ಅದೆ. ಅಳ್ಲಿ ಬುಡು" ಎಂದರು.

ಹೆಂಡತಿಯ ಪ್ರಕಾರ ಹಾಗೆ ನಡೆದೇ ಇಲ್ಲ. ನಾಯಿ ಅವತ್ತು ಬಾಯಿಯನ್ನೇ ತೆರೆಯಲಿಲ್ಲವಂತೆ. ಅವಳ ತೊಡೆಯ ಮೇಲೆ ಉಚ್ಚೆ ಹೊಯ್ದುಕೊಂಡು ನಡುಗುತ್ತಿತ್ತಂತೆ, ಅಷ್ಟೇ. ನಾವು ಕೇಳಿದ್ದು ಬೀದಿಯ ಆ ತುದಿಯಿಂದ ಅಳುತ್ತ ಬಂದ ನೆಂಟರ ಪೈಕಿ ಯಾವಳೋ ಹೆಂಗಸಿನ ಧ್ವನಿ ಎನ್ನುತ್ತಾಳೆ. ನಾಯಿ ಅವಳ ತೊಡೆಯ ಮೇಲಿತ್ತು, ನಾನು ಅಂಗಳದಲ್ಲಿದ್ದೆ. ಸಾಕ್ಷಿ ಹೇಳಲು ಅವಳಿಗೇ ಹೆಚ್ಚು ಹಕ್ಕು. ಆದರೆ ಮಾಲೀಕರ ಮಾತು ನನ್ನ ಕಿವಿಗೆ ಬಿದ್ದದ್ದು ನಿಜ.

ಅಮಾವಾಸ್ಯೆಯ ದಿನ ನಾನು ರಜೆ ಹಾಕಿದೆ. ಅದರ ಹಿಂದಿನ ಸಂಜೆ ಎರಡು ಮನೆ ನೋಡಿಕೊಂಡು ಬಂದಿದ್ದೆ, ಒಂದರಲ್ಲಿ ಜಾತಿ ಕೇಳಿ ಬಾಗಿಲು ಮುಂದೆ ಮಾಡಿದ್ದರು. ಸಂಜೆ ಗಂಟೆಯ ಹೊತ್ತಿಗೆ ಮೂವರೂ ಅಡುಗೆಮನೆಯಲ್ಲಿ ನಾಯಿಯ ಸುತ್ತ ಕೂತಿದ್ದೆವು. ಗಂಟೆ ಬಾರಿಸಿತು, ಜೋರಾಗಿ, ಹಿಂದಿನ ಹಾಗೆ. ಲಿಂಗವಂತರಿಗೆ ಸೂತಕವಿಲ್ಲ, ಪೂಜೆ ನಿಂತಿರಲಿಲ್ಲ. ಸಾವಿನ ಮನೆ, ಮೆಲ್ಲಗೆ ಬಾರಿಸುವುದು ಮರೆತಿರಬೇಕು. ನಾಯಿ ಬನ್ನು ಬಿಟ್ಟು ಕತ್ತೆತ್ತಿ ಊಳಿಟ್ಟಿತು.

ಗಂಟೆ ನಿಂತಿತು. ಮುಂಭಾಗದ ಬಾಗಿಲು ತೆರೆದ ಸದ್ದು, ಹೆಜ್ಜೆ ಸದ್ದು. ಅವ್ವ ನಾಯಿಯ ಕೊರಳಿಗೆ ಕೈ ಹಾಕಿದಳು. ಮಾಲೀಕರು ಒಂದು ಕೈಯಲ್ಲಿ ಇನ್ನೂ ಗಂಟೆ ಹಿಡಿದೇ ಬಾಗಿಲಿಗೆ ಬಂದರು, ಅದು ಸದ್ದಾಗದಂತೆ ಇನ್ನೊಂದು ಕೈಯಲ್ಲಿ ಅದರ ನಾಲಿಗೆ ಹಿಡಿದಿದ್ದರು.

"ಜೋರಾಗೋಯ್ತಾ?" ಎಂದರು.

ಅವ್ವ ನಾಯಿಯ ಕೊರಳಿನಿಂದ ಕೈ ತೆಗೆದಳು. ಅವರು ನಾಯಿಯನ್ನು ಸ್ವಲ್ಪ ಹೊತ್ತು ನೋಡಿ, ಪೂಜೆ ಮುಗಿಸಲು ಒಳಗೆ ಹೋದರು.