ಬೂಟಿನ ಸದ್ದಿಗೆ ಏಳಬಾರದು

ನನ್ನ ಅತ್ತಿಗೆ ಒಂದು ಊಟವನ್ನಾದರೂ ಪೂರ್ತಿ ಕೂತು ಮುಗಿಸಿದ್ದನ್ನು ನಾನು ಕಂಡಿರಲಿಲ್ಲ. ಅಣ್ಣ ನೀರು ಎಂದರೆ ಏಳುತ್ತಿದ್ದಳು, ಅಮ್ಮ ಉಪ್ಪು ಎಂದರೆ ಏಳುತ್ತಿದ್ದಳು, ಯಾರೂ ಏನೂ ಕೇಳದಿದ್ದರೆ ಯಾಕೆ ಕೇಳುತ್ತಿಲ್ಲ ಎಂದು ನೋಡಲು ಏಳುತ್ತಿದ್ದಳು. ಆಸ್ಪತ್ರೆಯಲ್ಲಂತೂ ಹೇಳುವುದೇ ಬೇಡ. ಅಲ್ಲಿ ಅವಳು ಹೆಂಗಸರ ವಾರ್ಡಿನ ಹಿರಿಯ ನರ್ಸ್. ನಾನು ಅದೇ ಆಸ್ಪತ್ರೆಯ ಲ್ಯಾಬಿನವಳು. ಬೆಳಿಗ್ಗೆ ಟ್ರೇ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗಿ ರಕ್ತ ತೆಗೆಯುವುದು ನನ್ನ ಕೆಲಸ. ಮನೆಯಲ್ಲೂ ಅದನ್ನೇ ಮಾಡುತ್ತೇನೆ ಎಂದು ಅಣ್ಣ ಹೇಳುತ್ತಾನೆ. ಹೇಳಿಕೊಳ್ಳಲಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು, ಮುಚ್ಚಿಟ್ಟುಕೊಂಡು ನನಗೇನೂ ಆಗಬೇಕಾಗಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇದೆ. ದೊಡ್ಡ ಡಾಕ್ಟರು ವಾರ್ಡಿಗೆ ಕಾಲಿಟ್ಟರೆ ನರ್ಸ್‌ಗಳೆಲ್ಲ ಎದ್ದು ನಿಲ್ಲಬೇಕು. ಎಲ್ಲೂ ಬರೆದಿಟ್ಟಿಲ್ಲ, ಆದರೆ ನಿಲ್ಲದವಳಿಗೆ ಮೇಟ್ರನ್ ಚಳಿ ಬಿಡಿಸುತ್ತಾರೆ. ದೊಡ್ಡ ಡಾಕ್ಟರದು ಗಟ್ಟಿ ಹಿಮ್ಮಡಿಯ ಬೂಟು. ಮನುಷ್ಯನಿಗಿಂತ ಮೊದಲು ಸದ್ದು ಬರುತ್ತದೆ. ನಾವು ಅವರಿಗಿಟ್ಟ ಹೆಸರು ಟಕ್‌ಟಕ್.

ಒಂದು ಬೆಳಿಗ್ಗೆ ವಾರ್ಡಿಗೆ ಹೊಸದಾಗಿ ಬಂದ ನರ್ಸೊಬ್ಬಳು ಮುದುಕಿಯ ಕೈಗೆ ಡ್ರಿಪ್ ಸೂಜಿ ಹಾಕುತ್ತಿದ್ದಳು. ತೆಳ್ಳಗಿದ್ದಳೆಂದು ಎಲ್ಲರೂ ಅವಳನ್ನು ಕಡ್ಡಿ ಎನ್ನುತ್ತಿದ್ದರು. ಸೂಜಿ ಅರ್ಧ ಒಳಗೆ ಹೋಗಿತ್ತು. ಕಾರಿಡಾರಿನಲ್ಲಿ ಟಕ್ ಟಕ್ ಎಂದಿತು. ಕಡ್ಡಿ ಧಡಕ್ಕನೆ ಎದ್ದು ನಿಂತಳು. ಸೂಜಿ ರಕ್ತನಾಳವನ್ನು ಹರಿದುಕೊಂಡು ಆಚೆ ಬಂತು. ಮುದುಕಿ ಕಿರುಚಿಕೊಂಡಳು. ಕೈ ನಮ್ಮ ಕಣ್ಣೆದುರೇ ನೀಲಿಗಟ್ಟಿ ಊದಿತು.

"ಯಾರ್ರೀ ಇವಳಿಗೆ ಕಲಿಸಿದ್ದು?" ಎಂದು ಟಕ್‌ಟಕ್ ಗುಡುಗಿದರು.

ತನಗೆ ಗೌರವ ಕೊಡಲು ಎದ್ದವಳನ್ನೇ ಬೈಯುವ ಆ ಬಾಯಿಗೆ ಕೈಯಲ್ಲಿದ್ದ ಸೂಜಿಗಳನ್ನು ಟ್ರೇ ಸಮೇತ ಎಸೆಯಬೇಕೆನ್ನಿಸಿತು ನನಗೆ. ಅತ್ತಿಗೆ ಮಾತ್ರ ಮುದುಕಿಯ ಹಾಸಿಗೆಯತ್ತ ಓಡಿದಳು. ಆಮೇಲೆ ಮುದುಕಿಯ ಕೈಗೆ ಮಂಜುಗಡ್ಡೆಯ ಪಟ್ಟಿ ಒತ್ತುತ್ತಾ ನನಗೆ ಹೇಳಿದಳು:

"ಅವರು ಕೇಳಿದ್ದು ಸರಿಯಾಗೇ ಇದೆ. ಅವಳಿಗೆ ಸೂಜಿ ಹಾಕೋದು ಯಾರು ಕಲಿಸಿದ್ರೋ ಗೊತ್ತಿಲ್ಲ. ಎದ್ದು ನಿಲ್ಲೋದನ್ನ ಕಲಿಸಿದ್ದು ನಾನೇ."

ಆ ವಾರವೇ ಅತ್ತಿಗೆ ನರ್ಸಿಂಗ್ ಸ್ನಾತಕೋತ್ತರ ಪದವಿಗೆ ಆನ್‌ಲೈನಿನಲ್ಲಿ ಸೇರಿಕೊಂಡಳು. ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳಬೇಕಾದರೆ ಆ ಪದವಿ ಬೇಕೇ ಬೇಕು.

"ನರ್ಸ್‌ಗಳಿಗೆ ಕಲಿಸೋಕೆ ಏನಿದೆಯೇ? ಚುಚ್ಚೋದು ತಾನೆ?" ಎಂದರು ಅಮ್ಮ. ಅಣ್ಣ ಉದಾರಿ. "ಓದ್ಲಿ ಬಿಡಮ್ಮ, ಮನೇಲೇ ಇದ್ಕೊಂಡು ಓದೋದಂತೆ" ಎಂದ. ಅವನ ಉದಾರತೆಯ ಬಂಡವಾಳ ಮೊದಲ ಭಾನುವಾರವೇ ಬಯಲಾಯಿತು. ಆನ್‌ಲೈನ್ ಎಂದರೆ ನಮ್ಮ ಮನೆಯಲ್ಲಿ 'ಬಿಡುವಾಗಿದ್ದಾಳೆ' ಎಂದು ಅರ್ಥ. ಅತ್ತಿಗೆ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬದ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೂತರೆ ಅಮ್ಮ ಎದುರಿಗೇ ಬಂದು, ಕೆಪ್ಪರಿಗೆ ಹೇಳುವಂತೆ, ಬಾಯಿ ಹತ್ತಿರ ಕೈ ಒಯ್ದು, ಅಣ್ಣನ ಕಡೆ ಬೆರಳು ತೋರಿಸಿ, ಟೀ ಎಂದು ಸನ್ನೆ ಮಾಡುತ್ತಿದ್ದರು. ಅತ್ತಿಗೆ ಏಳುತ್ತಿದ್ದಳು. ಪರದೆಯ ಮೇಲೆ ಯಾರೋ ಪುಣ್ಯಾತ್ಗಿತ್ತಿ ಖಾಲಿ ಕುರ್ಚಿಗೆ ಪಾಠ ಹೇಳುತ್ತಿದ್ದಳು.

"ಟೀ ಮಾಡ್ಕೊಳ್ಳೋಕೆ ಕೈ ಇಲ್ವಾ ನಿನಗೆ?" ಎಂದು ಅಣ್ಣನನ್ನು ತರಾಟೆಗೆ ತೆಗೆದುಕೊಂಡೆ.

"ನಿನಗೂ ಇದೆಯಲ್ಲ" ಎಂದ. ಮಾಡಿಕೊಟ್ಟೆ. ಬೇಕೆಂದೇ ಸಕ್ಕರೆ ಹಾಕಲಿಲ್ಲ. ಕೆಲವು ದಿನ ಹಾಗೇ ಕುಡಿದು, ಕೊನೆಗೆ ತಾನೇ ಎದ್ದು ಮಾಡಿಕೊಳ್ಳಲು ಶುರುಮಾಡಿದ.

ಅಂತೂ ಇಂತೂ ಕೊನೆಯ ಪರೀಕ್ಷೆ ಬಂತು. ನಿಜವಾದ ನರ್ಸ್‌ಗಳನ್ನು ಕೂರಿಸಿಕೊಂಡು ಒಂದು ಪಾಠ ಮಾಡಬೇಕು, ಮಾರ್ಗದರ್ಶಕಿ ಮೇಡಂ ಪರದೆಯಿಂದ ನೋಡುತ್ತಾರೆ. ವಾರ್ಡಿನ ಪಕ್ಕದ ಕೋಣೆಯಲ್ಲಿ ಹೊಸ ನರ್ಸ್‌ಗಳು ಸಾಲಾಗಿ ಕೂತರು. ನಾನು ಮೂಲೆಯಲ್ಲಿದ್ದೆ. ಡ್ರಿಪ್ ಸೂಜಿಯ ಪಾಠ. ಲ್ಯಾಪ್‌ಟಾಪಿನ ಎದುರು ಕೂತು ಅತ್ತಿಗೆ ಎಷ್ಟು ಚೆನ್ನಾಗಿ ಹೇಳುತ್ತಿದ್ದಳೆಂದರೆ ನಾನೇ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಆಗ ಟಕ್ ಟಕ್ ಎಂದಿತು. ದೊಡ್ಡ ಡಾಕ್ಟರು ಯಾವುದೋ ಎಕ್ಸ್‌ರೇ ಹುಡುಕಿಕೊಂಡು ಒಳಗೆ ಬಂದರು. ನರ್ಸ್‌ಗಳೆಲ್ಲ ಎದ್ದರು. ಅತ್ತಿಗೆಯೂ ಎದ್ದಳು! ಅವರು ಎಕ್ಸ್‌ರೇ ಹುಡುಕಿ, ಫೋನಿನಲ್ಲಿ ಯಾರ ಜೊತೆಗೋ ನಕ್ಕು ಮಾತಾಡಿ ಹೊರಡುವ ತನಕ ಪರದೆಯಲ್ಲಿ ಕಂಡದ್ದು ಅತ್ತಿಗೆಯ ಕೋಟಿನ ಗುಂಡಿ ಒಂದೇ.

"ಪಾಠ ಯಾಕೆ ನಿಂತೋಯ್ತು?" ಎಂದರು ಮೇಡಂ.

"ದೊಡ್ಡ ಡಾಕ್ಟರು ಬಂದ್ರು ಮೇಡಂ."

"ಅವರು ಬಂದ್ರು, ಸರಿ. ನಿಲ್ಲಿಸಿದ್ದು ಯಾರು?"

ಅತ್ತಿಗೆ ಫೇಲು. ಇನ್ನೊಂದೇ ಅವಕಾಶ, ಅದೂ ಹೋದರೆ ಪದವಿಯಿಲ್ಲ, ಶಾಲೆಯ ಕೆಲಸವೂ ಇಲ್ಲ.

ಮನೆಗೆ ಹೋಗುವ ದಾರಿಯುದ್ದಕ್ಕೂ ನಾನು ಅವಳನ್ನು ಬೈದೆ. ಎದುರಿಗೆ ಬಂದವರು ಸರಿದು ದಾರಿ ಬಿಡುವಷ್ಟು ಬೈದೆ. "ಇದಕ್ಕೋಸ್ಕರವೇ ಓದೋಕೆ ಹೊರಟವಳು ನೀನು. ನೀನೂ ಎದ್ದೆಯಲ್ಲ!"

"ನಾನು ಏಳಲಿಲ್ಲ ಕಣೆ" ಎಂದಳು. "ಕಾಲು ಎದ್ದಿತು."

ಅವಳ ಕಣ್ಣು ತುಂಬಿತ್ತು, ಆದರೆ ಅದು ಅಳುವಾಗಿರಲಿಲ್ಲ. ಅಷ್ಟು ವರ್ಷದಲ್ಲಿ ಅವಳಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದೂ ತನ್ನ ಕಾಲಿನ ಮೇಲೆ.

ಎರಡನೆಯ ಸಲ ಬಾಗಿಲಿಗೆ ಚಿಲಕ ಹಾಕೋಣ ಎಂದೆ.

"ವಾರ್ಡಿಗೆ ಚಿಲಕ ಇರುತ್ತಾ?" ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದಳು. ಪರೀಕ್ಷೆಯ ದಿನ ನೋಡಿದರೆ ಅಭ್ಯಾಸಕ್ಕಿದ್ದ ರಬ್ಬರಿನ ಕೈ ಬಿರುಕು ಬಿಟ್ಟಿತ್ತು. ನನ್ನದೇ ಕೈ ಚಾಚಿದೆ. ಊರಿಗೆಲ್ಲ ಚುಚ್ಚುವವಳು ನಾನು, ನನಗೂ ಒಂದು ಬೀಳಲಿ. ಆದರೆ ಸೂಜಿ ಹಿಡಿಯಲು ಅತ್ತಿಗೆ ಕರೆದದ್ದು ಯಾರನ್ನು? ಕಡ್ಡಿಯನ್ನು! ಆ ಮುದುಕಿಯ ದಿನದಿಂದ ಸೂಜಿ ಮುಟ್ಟಲೂ ಒಪ್ಪದ ಕಡ್ಡಿಯನ್ನು.

ಕಡ್ಡಿ ನನ್ನೆದುರು ಸ್ಟೂಲಿನ ಮೇಲೆ ಕೂತಳು. ಅತ್ತಿಗೆ ಅವಳ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು, ಪರದೆಯ ಕಡೆಗೂ ಉಳಿದವರ ಕಡೆಗೂ ತಿರುಗಿ ಹೇಳುತ್ತಾ ಹೋದಳು. ಸೂಜಿ ಒಳಗೆ ಬಂತು. ರಕ್ತ ಇಣುಕಿತು. ಸರಿಯಾಗಿ ಆಗಲೇ ಟಕ್ ಟಕ್.

ಹಿಂದಿನ ಸಾಲು ಎದ್ದಿತು. ಕಡ್ಡಿಯ ಮೊಣಕಾಲು ಅಲುಗಿದ್ದು ನನಗೆ ಸೂಜಿಯಲ್ಲೇ ತಿಳಿಯಿತು. ಅತ್ತಿಗೆ ಅವಳ ಹೆಗಲ ಮೇಲೆ ಕೈ ಊರಿದಳು.

"ಕೂತ್ಕೋ. ಕಣ್ಣು ಕೈ ಮೇಲಿರಲಿ. ನಿನ್ನ ರೋಗಿ ಇಲ್ಲಿದ್ದಾಳೆ."

"ಏನ್ ನಡೀತಿದೆ ಇಲ್ಲಿ?" ಎಂದರು ದೊಡ್ಡ ಡಾಕ್ಟರು.

"ಪಾಠ ಸರ್" ಎಂದಳು ಅತ್ತಿಗೆ, ತಿರುಗಿಯೂ ನೋಡದೆ. "ಸೂಜಿ ಒಳಗಿದೆ. ಮುಗಿಯೋವರೆಗೂ ಆಚೆ ನಿಂತಿರಿ."

ದನಿ ಮೆತ್ತಗೇ ಇತ್ತು, ಕಾಲು ಮಾತ್ರ ಗಡಗಡ ನಡುಗುತ್ತಿತ್ತು. ಆ ಕಾಲನ್ನು ಅವಳು ಕುರ್ಚಿಯ ಕಾಲಿಗೆ ಸುತ್ತಿ ಹಿಡಿದುಕೊಂಡಿದ್ದಳು, ನನಗೆ ಕಾಣುತ್ತಿತ್ತು. ಕಡ್ಡಿ ಸೂಜಿ ಕೂರಿಸಿ, ಪಟ್ಟಿ ಅಂಟಿಸಿ, ಉಸಿರು ಬಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ಬೂಟು ಬಂದ ದಾರಿಯಲ್ಲೇ ಹೋಯಿತು, ಬಂದದ್ದಕ್ಕಿಂತ ಜೋರಾಗಿ.

ಅತ್ತಿಗೆ ಪಾಸಾದಳು. ಮಾರನೆಯ ದಿನ ಮೇಟ್ರನ್ ಅವಳನ್ನು ವಾರ್ಡಿನಿಂದ ತೆಗೆದು, ಬಟ್ಟೆ ಕೋಣೆಯಲ್ಲಿ ಬೆಡ್‌ಶೀಟ್ ಮಡಿಸಲು ಹಾಕಿದರು. ಅಷ್ಟು ವರ್ಷದ ಕೆಲಸಕ್ಕೆ ಬೆಡ್‌ಶೀಟು! ನಾನು ಮೇಟ್ರನ್ ಕೋಣೆಗೆ ನುಗ್ಗಿ ಕೂಗಾಡಿ ಬಂದೆ, ಏನೂ ಉಪಯೋಗವಾಗಲಿಲ್ಲ. ನರ್ಸಿಂಗ್ ಶಾಲೆಯಿಂದ ಕರೆ ಬರುವವರೆಗೂ ಅವಳು ಅಲ್ಲೇ ಮಡಿಸಿದಳು.

ಶಾಲೆಯ ಮೊದಲ ದಿನ ಬೆಳಿಗ್ಗೆ ಅಣ್ಣನ ಕೂಗಾಟ. ಅವನು ಕಾರ್ಖಾನೆಯೊಂದರಲ್ಲಿ ಸೆಕ್ಯುರಿಟಿ. ಹಳೆಯ ಡ್ಯೂಟಿ ಬೂಟು ಕಾಣುತ್ತಿಲ್ಲವಂತೆ. ಹುಡುಕಲು ಯಾರೂ ಏಳಲಿಲ್ಲ. ಏಳುವವಳು ಆಗಲೇ ಹೊರಟುಹೋಗಿದ್ದಳು.

ರಕ್ತ ತೆಗೆಯುವುದನ್ನು ತೋರಿಸಲು ಅತ್ತಿಗೆ ನನ್ನನ್ನೂ ಕರೆದಿದ್ದಳು. ನಾನು ಹೋದಾಗ ವಿದ್ಯಾರ್ಥಿನಿಯರು ಜೋಡಿಜೋಡಿಯಾಗಿ ಕೂತು, ಒಬ್ಬರ ಮಣಿಕಟ್ಟು ಒಬ್ಬರು ಹಿಡಿದು, ಗೋಡೆಯ ಗಡಿಯಾರ ನೋಡುತ್ತಾ ನಾಡಿ ಎಣಿಸುತ್ತಿದ್ದರು. ಕಾರಿಡಾರಿನಲ್ಲಿ ಟಕ್ ಟಕ್ ಕೇಳಿತು. ನನ್ನ ಮೈ ಉರಿಯಿತು. ಇಲ್ಲಿಗೂ ಬಂದನಾ ಆ ಮಹಾರಾಯ? ಬಂದದ್ದು ಅತ್ತಿಗೆ, ಅಣ್ಣನ ಬೂಟು ಹಾಕಿಕೊಂಡು! ವಿದ್ಯಾರ್ಥಿನಿಯರೆಲ್ಲ ಧಡಧಡ ಎದ್ದು ನಿಂತರು.

"ನಾಡಿ ಎಷ್ಟು?" ಎಂದು ಕೇಳಿದಳು.

ಯಾರಿಗೂ ಗೊತ್ತಿರಲಿಲ್ಲ.

"ನಾನು ಬಂದೆ ಅಂತ ರೋಗಿ ಕೈ ಬಿಟ್ರಾ? ಯಾರು ನಾನು?" ಅವಳ ಮುಖ ಕೆಂಪಗಾಗಿತ್ತು. "ಕೂತ್ಕೊಳ್ಳಿ. ಮತ್ತೆ ಎಣಿಸಿ."

ಹೊರಗೆ ಹೋದಳು, ಟಕ್ ಟಕ್ ಎಂದು ಮತ್ತೆ ಬಂದಳು. ಅರ್ಧ ತರಗತಿ ಎದ್ದಿತು. ಮತ್ತೆ ಹೋದಳು. ದೊಡ್ಡ ಬೂಟಿನಲ್ಲಿ ಎಡವುತ್ತಾ, ಹಲ್ಲು ಕಚ್ಚಿಕೊಂಡು ಮತ್ತೆ ಬಂದಳು. ಈ ಸಲ ಮುಂದಿನ ಬೆಂಚಿನಲ್ಲಿ ಗೆಳತಿಯ ಕೈ ಹಿಡಿದಿದ್ದವಳೊಬ್ಬಳು ತಲೆಯನ್ನೂ ಎತ್ತಲಿಲ್ಲ. ಬೂಟು ನೇರ ಅವಳೆದುರು ಹೋಗಿ ನಿಂತಿತು.

"ಎಷ್ಟು?"

"ತಡೀರಿ ಮೇಡಂ" ಎಂದಳು ಆ ಹುಡುಗಿ. "ಇನ್ನೂ ಎಣಿಸ್ತಿದೀನಿ."

ಅತ್ತಿಗೆ ಅಣ್ಣನ ಬೂಟಿನಲ್ಲಿ ನಿಂತುಕೊಂಡೇ ಕಾದಳು.